ಡೈ ಅಂದ್ರ ಬರೇ ತೂತು ಅಲ್ರೀ!

"ಉದ್ಯಮಬಾಗದಾಗ ಒಂದು ಡೈ ತಿರುವಿಸಿಕೊಂಡು ಬರೋದು ಏನ್ ದೊಡ್ಡ ಮಾತ್ರಿ?"

ಈ ಮಾತನ್ನ ಈ ವರ್ಷ ಮೂರು ಸಲ ಕೇಳಿದೆ. ಒಬ್ಬರು ಖಾನಾಪುರ ಕಡೆ ಹೊಲ ಇರೋ ನಮ್ಮ ಸಂಬಂಧಿಕರು. ಇನ್ನೊಬ್ಬ ಬೆಳಗಾವಿಯಲ್ಲಿ ಶೂಟಿಂಗ್ ಕಲೀತಿರೋ ಕಾಲೇಜು ಹುಡುಗ. ಮೂರನೆಯವರು ನಿಮ್ಮ ಹಾಗೇ ಬ್ಲಾಗ್ ಬರೆಯೋ ಮಿತ್ರರು, ಹೆಸರು ಬೇಡ ಬಿಡಿ. ಮೂವರೂ ಕೇಳ್ತಿದ್ದದ್ದು ಒಂದೇ. ಹಾರಿಸಿದ ರೈಫಲ್ ಕಾಡತೂಸಿನ ಖಾಲಿ ಹಿತ್ತಾಳೆ ಕೊಳವೆ ಇರುತ್ತಲ್ಲ, ಅದನ್ನ ಮತ್ತೆ ಅಳತೆಗೆ ತರೋ ರೀಸೈಜಿಂಗ್ ಡೈ. ನಾನು ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರಿಗೆ ಬಿದ್ದವನು. ಹಾಗಾಗಿ ಎಲ್ಲರ ಡ್ರಾಯಿಂಗೂ ನನ್ನ ಹತ್ತಿರಾನೇ ಬರುತ್ತೆ. ವಿ.ಟಿ.ಯು. ನಮ್ಮೂರಲ್ಲೇ ಇದ್ದ ಮೇಲೆ ಬೆಳಗಾವಿಯಲ್ಲಿ ಇಂಜಿನಿಯರುಗಳಿಗೇನು ಬರ, ಆದರೂ ನಾನೇ ಬೇಕು ಇವರಿಗೆ.

ಬ್ಲಾಗ್ ಮಿತ್ರರದ್ದು ಇನ್ನೂ ಒಂದು ವಾದ ಇತ್ತು. "ಸರಿ, ನೀನು ಡೈ ಮಾಡಿಸಬೇಡ ಅಂತೀಯ. ಆದ್ರೆ ಅದನ್ನೂ ಕನ್ನಡದಲ್ಲಿ ಬರೀಬೇಡ. ಇಂಥದ್ದೆಲ್ಲ ಕನ್ನಡದಲ್ಲಿ ಬಂದ್ರೆ ಹಳ್ಳಿ ಹುಡುಗರು ಓದಿ ಕೆಡ್ತಾರೆ." ಈ ಮಾತಿಗೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಈ ಪೋಸ್ಟು.

ಅಲ್ರೀ ಸ್ವಾಮಿ, ಹಳ್ಳಿ ಹುಡುಗ ಈಗಾಗಲೇ ನೋಡಿ ಆಗಿದೆ. ಜಾಂಬೋಟಿಯಲ್ಲೂ ಮೊಬೈಲ್ ಇದೆ. ಅವನು ಇಂಗ್ಲಿಷಿನಲ್ಲಿ ನೋಡಿದ್ದಾನೆ, ಹಿಂದಿಯಲ್ಲಿ ನೋಡಿದ್ದಾನೆ. ಅರ್ಥ ಆಗಿದ್ದು ಮಾತಲ್ಲ, ಚಿತ್ರ ಮಾತ್ರ. ಒಬ್ಬ ಅಮೆರಿಕದ ಗಡ್ಡದವನು ಪ್ರೆಸ್ಸಿನ ಹಿಡಿ ಎಳೀತಾನೆ, ಕೊಳವೆ ಒಳಗೆ ಹೋಗುತ್ತೆ, ಹೊರಗೆ ಬರುತ್ತೆ, ಫಳಫಳ ಅನ್ನುತ್ತೆ. ಮೂವತ್ತು ಸೆಕೆಂಡು. ಆ ಮೂವತ್ತು ಸೆಕೆಂಡಿನ ಹಿಂದೆ ಮುಂದೆ ಏನಿದೆ ಅನ್ನೋದನ್ನ ಅವನ ಭಾಷೆಯಲ್ಲಿ ಹೇಳೋರೇ ಇಲ್ಲ. ಅರ್ಧ ಜ್ಞಾನ ಈಗಾಗಲೇ ಊರು ಸೇರಿದೆ. ಉಳಿದ ಅರ್ಧ ಮಾತ್ರ ಕನ್ನಡಕ್ಕೆ ಬರಕೂಡದು ಅಂತ ನೀವು ಬಾಗಿಲಲ್ಲಿ ಕೋಲು ಹಿಡಿದು ನಿಂತಿದ್ದೀರಿ.

ಮೊದಲು ಒಂದು ಗೊಂದಲ ಕಳೀತೀನಿ. ಖಾನಾಪುರದ ರೈತನಿಗೆ ಬೆಳೆ ಕಾಯೋಕೆ ಅಂತ ಲೈಸೆನ್ಸ್ ಕೊಡುವ ವಿಷಯದಲ್ಲಿ ಕಾನೂನು ಹೆಸರಿಟ್ಟು ಹೇಳೋದು ಮಸಲ್ ಲೋಡರ್, ಅಂದರೆ ಬಾಯಿಂದ ಮದ್ದು ತುಂಬಿ ಗಜ ಹಾಕಿ ಇಡಿಯೋ ಬಂದೂಕು (1959ರ ಆರ್ಮ್ಸ್ ಆಕ್ಟ್, ಸೆಕ್ಷನ್ 13). ಅದಕ್ಕೆ ಹಿತ್ತಾಳೆ ಕೊಳವೆಯೇ ಇಲ್ಲ. ಕೊಳವೆ ಇಲ್ಲದ ಮೇಲೆ ಡೈ ಎಲ್ಲಿಂದ ಬಂತು? 1824ರಲ್ಲಿ ಕಿತ್ತೂರಿನಲ್ಲಿ ಥ್ಯಾಕರೆಗೆ ಗುಂಡಿಟ್ಟ ಅಮಟೂರು ಬಾಳಪ್ಪನ ಬಂದೂಕೂ ಬಾಯಿಂದ ತುಂಬೋದೇ. (ನಮ್ಮ ಕಡೆ ಬಂದೂಕಿನ ಮಾತು ಎತ್ತಿದರೆ ಐದು ನಿಮಿಷದೊಳಗೆ ಬಾಳಪ್ಪ ಬರಲೇಬೇಕು. ಬಂದ, ಮುಗೀತು.)

ಶೂಟಿಂಗ್ ಕಲಿಯೋ ಹುಡುಗನದ್ದೂ ಅಷ್ಟೆ. "ರೀಲೋಡ್ ಮಾಡಿದ್ರೆ ಪ್ರಾಕ್ಟೀಸ್ ಖರ್ಚು ಅರ್ಧ ಆಗ್ತದಲ್ಲಾ ಅಣ್ಣಾ" ಅಂದ. ಅವನು ಹಾರಿಸೋದು 10 ಮೀಟರ್ ಏರ್ ರೈಫಲ್, ಮುಂದೆ ಹೋದರೆ 50 ಮೀಟರಿನ .22. ಏರ್ ರೈಫಲಿನಲ್ಲಿ ಕಾಡತೂಸೇ ಇಲ್ಲ. .22 ರಿಮ್‌ಫೈರ್, ಅಂದರೆ ಕಿಡಿ ಹತ್ತೋ ಮಸಾಲೆ ಇರೋದು ಕೊಳವೆಯ ಬುಡದ ಮಡಿಕೆಯ ಒಳಗೆ. ಹ್ಯಾಮರ್ ಬಡಿದು ಆ ಮಡಿಕೆ ಒಮ್ಮೆ ಚಪ್ಪಟೆ ಆದರೆ ಆ ಕೊಳವೆಯ ಕತೆ ಮುಗೀತು. ರೀಲೋಡಿಂಗ್ ಅನ್ನೋದು ಸೆಂಟರ್‌ಫೈರ್ ಕಾಡತೂಸಿನ ಮಾತು. ನಮ್ಮ ದೇಶದಲ್ಲಿ ಅದು ದೊಡ್ಡ ಬೋರಿನ 300 ಮೀಟರ್ ಶೂಟರುಗಳಿಗೆ, .32 ಸೆಂಟರ್‌ಫೈರ್ ಪಿಸ್ತೂಲಿನವರಿಗೆ ಬಿಟ್ಟರೆ ಕ್ರೀಡೆಯಲ್ಲಿ ಹೆಚ್ಚು ಜನಕ್ಕೆ ಸಂಬಂಧಪಟ್ಟಿದ್ದೇ ಅಲ್ಲ. "ರೀಲೋಡಿಂಗ್ ಬಿಟ್ಟರೆ ಇಂಡಿಯಾ ಒಲಿಂಪಿಕ್ಸಿನಲ್ಲಿ ಇನ್ನಷ್ಟು ಮೆಡಲ್ ತರುತ್ತೆ" ಅಂತ ಉದ್ದುದ್ದ ಬರೆಯೋರು ಒಲಿಂಪಿಕ್ಸಿನ ರೈಫಲ್ ಸ್ಪರ್ಧೆಗಳು ಯಾವುವು ಅಂತ ಒಂದು ಸಲ ನೋಡಬೇಕು.

ಉಳಿದದ್ದು ನಮ್ಮ ಸಂಬಂಧಿಕರು, ಸೋದರಮಾವನ ಮಗ. ಅವರ ಪ್ರಶ್ನೆ ಮಾತ್ರ ನಿಜವಾದ ಪ್ರಶ್ನೆ. ಅವರ ಮನೇಲಿ ಅಜ್ಜನ ಕಾಲದಿಂದ ಬಂದ .315 ರೈಫಲ್ ಇದೆ, ಲೈಸೆನ್ಸ್ ಇದೆ. ಒಂದು ಬಿಸ್ಕೀಟ್ ಡಬ್ಬಿ ತುಂಬಾ ಖಾಲಿ ಕೊಳವೆ ಇಟ್ಟಿದ್ದಾರೆ. "ತಮ್ಮಾ, ನೀ ಇಂಜಿನಿಯರ್ ಅದಿ. ಒಂದು ಡ್ರಾಯಿಂಗ್ ಹಾಕಿಕೊಡು. ಲೇತಿನವ ನಮ್ಮಾವನೇ ಅದಾನ" ಅಂದರು.

ನಾನು ಕೊಡಲಿಲ್ಲ. ಕಾರಣ ಎರಡು. ಕಾನೂನು ಆಮೇಲೆ. ಮೊದಲು ಹಿತ್ತಾಳೆ.

ಕಾಡತೂಸಿನ ಕೊಳವೆ ಸುಮಾರು 70 ಭಾಗ ತಾಮ್ರ, 30 ಭಾಗ ಸತುವಿನ ಹಿತ್ತಾಳೆ. ಹಾರಿಸಿದಾಗ ಒಳಗಿನ ಒತ್ತಡಕ್ಕೆ ಅದು ಉಬ್ಬಿ ರೈಫಲಿನ ಚೇಂಬರಿನ ಗೋಡೆಗೆ ಅಂಟಿಕೊಳ್ಳುತ್ತೆ. ಅಂಟಿಕೊಳ್ಳಲೇಬೇಕು, ಇಲ್ಲದಿದ್ದರೆ ಬಿಸಿ ಗ್ಯಾಸು ಹಿಂದಕ್ಕೆ, ಹಾರಿಸೋನ ಮುಖಕ್ಕೆ ಬರುತ್ತೆ. ಒತ್ತಡ ಇಳಿದ ಮೇಲೆ ಸ್ವಲ್ಪ ಕುಗ್ಗುತ್ತೆ, ಆದರೆ ಮೊದಲಿನಷ್ಟಕ್ಕೆ ಬರೋದಿಲ್ಲ. ಅಂದರೆ ಹಾರಿಸಿದ ಕೊಳವೆ ಆ ಒಂದು ರೈಫಲಿನ ಚೇಂಬರಿನ ಅಚ್ಚು. ನಿಮ್ಮ ರೈಫಲಿನ ಅಚ್ಚು ನನ್ನ ರೈಫಲಿಗೆ ಹೊಂದಲಿಕ್ಕಿಲ್ಲ, ಮಾಡೆಲ್ ಒಂದೇ ಆಗಿದ್ದರೂ.

ಈಗ ಡೈ. ಫುಲ್ ಲೆಂತ್ ಡೈ ಅನ್ನೋದು ಇಡೀ ಕೊಳವೆಯನ್ನ (ಮೈ, ಹೆಗಲು, ಕುತ್ತಿಗೆ ಮೂರನ್ನೂ) ಹಿಂಡಿ ಸಣ್ಣದು ಮಾಡುತ್ತೆ. ನೆಕ್ ಡೈ ಕುತ್ತಿಗೆಯನ್ನ ಮಾತ್ರ. ಬುಶಿಂಗ್ ಡೈ ಅಂತ ಇನ್ನೊಂದಿದೆ, ಅದರಲ್ಲಿ ಕುತ್ತಿಗೆ ಎಷ್ಟು ಬಿಗಿಯಬೇಕು ಅನ್ನೋದನ್ನ ಬದಲಾಯಿಸೋ ಬಳೆ ಹಾಕಿ ತೀರ್ಮಾನ ಮಾಡ್ತಾರೆ. ಚಕ್ಕುಲಿ ಒರಳಿನಲ್ಲಿ ಹಿಟ್ಟು ಒತ್ತಿದರೆ ಬಿಲ್ಲೆಯ ತೂತಿನ ಆಕಾರ ಹಾಗೇ ಬರುತ್ತೆ. ಹಿತ್ತಾಳೆ ಹಿಟ್ಟಲ್ಲ. ಒತ್ತಿ ಬಿಟ್ಟರೆ ಸ್ವಲ್ಪ ವಾಪಸ್ ಚಿಮ್ಮುತ್ತೆ, ಸ್ಪ್ರಿಂಗ್‌ಬ್ಯಾಕ್. ಎಷ್ಟು ಚಿಮ್ಮುತ್ತೆ ಅನ್ನೋದು ಅದು ಎಷ್ಟು ಗಡುಸಾಗಿದೆ ಅನ್ನೋದರ ಮೇಲೆ. ಎಷ್ಟು ಗಡುಸು ಅನ್ನೋದು ಎಷ್ಟು ಸಲ ಹಾರಿಸಿದ್ದಾರೆ, ಎಷ್ಟು ಸಲ ಹಿಂಡಿದ್ದಾರೆ, ನಡುವೆ ಕಾಯಿಸಿ ಮೆತ್ತಗೆ ಮಾಡಿದ್ದಾರಾ ಅನ್ನೋದರ ಮೇಲೆ. ಬಿಸ್ಕೀಟ್ ಡಬ್ಬಿಯಲ್ಲಿರೋ ಕೊಳವೆಗಳಿಗೆ ಈ ಜಾತಕ ಯಾರು ಬರೆದಿಟ್ಟಿದ್ದಾರೆ?

ಆದ್ದರಿಂದ "ಡ್ರಾಯಿಂಗ್ ಕೊಡು" ಅಂದಾಗ ನನ್ನ ಮರುಪ್ರಶ್ನೆ, ಯಾವ ಅಳತೆ ಹಾಕಲಿ? ಉದ್ಯಮಬಾಗದವರಿಗೆ ಕೈಚಳಕ ಇಲ್ಲ ಅಂತ ನಾನು ಹೇಳ್ತಿಲ್ಲ. ಹೈಡ್ರಾಲಿಕ್ ವಾಲ್ವಿನ ಸ್ಪೂಲನ್ನ ಮೈಕ್ರಾನ್ ಲೆಕ್ಕದಲ್ಲಿ ಕೂರಿಸೋ ಊರು ಇದು. ಅವರಿಗೆ ಸರಿಯಾದ ಡ್ರಾಯಿಂಗ್ ಕೊಟ್ಟರೆ ಡೈ ಮಾಡ್ತಾರೆ. ಟೂಲ್ ಸ್ಟೀಲ್, ಅದಕ್ಕಂತಲೇ ಮಾಡಿದ ರೀಮರ್, ಹೀಟ್ ಟ್ರೀಟ್‌ಮೆಂಟ್ ಆದ ಮೇಲೆ ತೂತಿನ ಅಳತೆ ಸರಿದಿರುತ್ತೆ ಅಂತ ಮತ್ತೆ ಲ್ಯಾಪಿಂಗ್, ಕನ್ನಡಿ ಹಾಗೆ ಪಾಲಿಶ್... ಎಲ್ಲಾ ಗೊತ್ತು ಅವರಿಗೆ. "ನಮ್ಮ ಬೆಳಗಾವಿಯಲ್ಲಿ ಏನು ಬೇಕಾದ್ರೂ ಆಗ್ತದ" ಅನ್ನೋ ಅಭಿಮಾನ ನನಗೂ ಇದೆ. ಆದರೆ ಲೇತು ಅಳತೆಯನ್ನ ಪಾಲಿಸುತ್ತೆ, ಅಳತೆಯನ್ನ ಹುಟ್ಟಿಸೋದಿಲ್ಲ. ಒಂದು ಹಳೇ ಕೊಳವೆಯನ್ನ ವರ್ನಿಯರಿನಲ್ಲಿ ಹಿಡಿದು "ಇದಕ್ಕಿಂತ ಒಂದು ಕೂದಲು ಕಮ್ಮಿ ಮಾಡು" ಅಂದರೆ ಅದು ಡ್ರಾಯಿಂಗ್ ಅಲ್ಲ. ಈ ವಿದ್ಯೆಯಲ್ಲಿ ಕೂದಲೇ ದಪ್ಪ!

ಎಷ್ಟು ದಪ್ಪ ಅಂತ ಹೇಳ್ತೀನಿ. ಹೆಗಲಿನ ಮೇಲೆ ಕೂರೋ ಕಾಡತೂಸು, .308 ಅಂದುಕೊಳ್ಳಿ, ಬೋಲ್ಟ್ ರೈಫಲಿನಲ್ಲಿ ಹಾರಿಸಿದ ಮೇಲೆ ಅದರ ಹೆಗಲನ್ನ ಹಿಂದಕ್ಕೆ ತಳ್ಳಬೇಕಾದ್ದು ಒಂದರಿಂದ ಎರಡು ಥೌ, ಅಂದರೆ 25ರಿಂದ 50 ಮೈಕ್ರಾನ್. ತಲೆಗೂದಲು ಸುಮಾರು 70 ಮೈಕ್ರಾನ್. ಡೈಗಳ ಹೊರಗಿನ ಥ್ರೆಡ್ ಜಗತ್ತಿನಲ್ಲೆಲ್ಲ ಹೆಚ್ಚಾಗಿ ಒಂದೇ, 7/8 ಇಂಚು, ಇಂಚಿಗೆ 14 ಸುತ್ತು. ಲೆಕ್ಕ ಹಾಕಿ. ಒಂದು ಪೂರ್ತಿ ಸುತ್ತಿಗೆ 1.81 ಮಿಮೀ. ಒಂದು ಥೌ ಅಂದರೆ ಡೈಯನ್ನ ಬರೀ 5 ಡಿಗ್ರಿ ತಿರುಗಿಸೋದು, ಗಡಿಯಾರದಲ್ಲಿ ಒಂದು ನಿಮಿಷದ ಗೆರೆಗಿಂತಲೂ ಕಮ್ಮಿ. "ಶೆಲ್‌ಹೋಲ್ಡರಿಗೆ ತಾಗೋವರೆಗೂ ಇಳಿಸಿ, ಆಮೇಲೆ ಇನ್ನೊಂದು ಎಂಟನೇ ಒಂದು ಸುತ್ತು" ಅಂತ ಡಬ್ಬದ ಮೇಲೆ ಬರೆದಿರುತ್ತಲ್ಲ, ಆ ಎಂಟನೇ ಒಂದು ಸುತ್ತು ಅಂದರೆ ಸುಮಾರು 9 ಥೌ. ಅದರಲ್ಲಿ ಒಂದಷ್ಟನ್ನ ಪ್ರೆಸ್ಸೇ ಬಗ್ಗಿ ನುಂಗುತ್ತೆ. ಎಷ್ಟು ನುಂಗಿತು ಅಂತ ನೋಡೋಕೆ ಪ್ರತಿ ಸಲ ಕಂಪ್ಯಾರೇಟರ್ ಹಾಕಿ ಅಳೀಬೇಕು. ಆನ್‌ಸೈಟ್ ಅಂತ ಟೆಕ್ಸಾಸಿನಲ್ಲಿ ಒಂದು ವರ್ಷದ ಮೇಲೆ ಕೂತಿದ್ದಾಗ ನಮ್ಮ ಟೀಮಿನ ಹಿರಿಯರೊಬ್ಬರ ಗ್ಯಾರೇಜಿನಲ್ಲಿ ನಾನು ಇದನ್ನ ಕಣ್ಣಾರೆ ನೋಡಿದ್ದು. ಅವರು ಒತ್ತಿದ್ದಕ್ಕಿಂತ ಅಳೆದದ್ದೇ ಹೆಚ್ಚು. (ನಾನು ಮುಟ್ಟಿದ್ದು ಖಾಲಿ ಕೊಳವೆ ಮಾತ್ರ. ವೀಸಾ ಮೇಲೆ ಬಂದವರಿಗೆ ಮದ್ದುಗುಂಡಿನ ವಿಷಯದಲ್ಲಿ ಅಮೆರಿಕವೂ ಅಷ್ಟು ಉದಾರಿ ಅಲ್ಲ.)

ಇನ್ನು .315. ಇದು ಆಸ್ಟ್ರಿಯಾ ಸೈನ್ಯದ ಹಳೇ 8 ಮಿಮೀ ಮ್ಯಾನ್ಲಿಕರ್ ಕಾಡತೂಸಿನ ವಂಶ. ಬ್ರಿಟಿಷರು .303 ಸೈನ್ಯದ ಗುಂಡು ನಾಗರಿಕರ ಕೈಗೆ ಸಿಗಬಾರದು ಅಂತ ಬೇರೆ ಬೋರು ಕೊಟ್ಟರು, ಸ್ವಾತಂತ್ರ್ಯ ಬಂದ ಮೇಲೂ ಇಶಾಪುರದ ಫ್ಯಾಕ್ಟರಿ ಅದನ್ನೇ ಮುಂದುವರಿಸಿತು. ಈ ಕೊಳವೆಗೆ ಬುಡದಲ್ಲಿ ಅಂಚು, ರಿಮ್, ಇದೆ. ಚೇಂಬರಿನಲ್ಲಿ ಇದು ನಿಲ್ಲೋದು ಆ ಅಂಚಿನ ಮೇಲೆ, ಹೆಗಲಿನ ಮೇಲಲ್ಲ. ಇದರ ಅರ್ಥ ಏನು ಗೊತ್ತಾ? ನಮ್ಮಣ್ಣ ಕೇಳಿದ್ದು ಫುಲ್ ಲೆಂತ್ ಡೈ. ಅದು ಪ್ರತಿ ಸಲ ಹೆಗಲನ್ನ ಅನಗತ್ಯವಾಗಿ ಹಿಂದಕ್ಕೆ ತಳ್ಳುತ್ತೆ. ಹಾರಿಸಿದಾಗ ಹೆಗಲು ಮತ್ತೆ ಮುಂದಕ್ಕೆ ಹೋಗುತ್ತೆ. ಆ ಉದ್ದಕ್ಕೆ ಬೇಕಾದ ಹಿತ್ತಾಳೆ ಎಲ್ಲಿಂದ ಬರಬೇಕು? ಬುಡದ ಸ್ವಲ್ಪ ಮೇಲಿನ ಗೋಡೆಯಿಂದ. ಅಲ್ಲಿ ಒಳಗೇ ಒಂದು ಉಂಗುರದ ಹಾಗೆ ತೆಳು ಆಗ್ತಾ ಹೋಗುತ್ತೆ. ಹೊರಗಿಂದ ಒಂದು ಹೊಳೆಯೋ ಗೆರೆ ಕಾಣಬಹುದು, ಕಾಣದೇನೂ ಇರಬಹುದು. ತಿಳಿದವರು ಕಾಗದದ ಪಿನ್ನಿನ ತುದಿ ಬಗ್ಗಿಸಿ ಒಳಗೆ ಇಳಿಬಿಟ್ಟು ತಡವಿ ನೋಡ್ತಾರೆ, ತಗ್ಗು ಸಿಕ್ಕಿತು ಅಂದರೆ ಆ ಕೊಳವೆ ಗುಜರಿಗೆ. ನೋಡದೇ ಇದ್ದರೆ ಒಂದು ದಿನ ಬುಡ ಬೇರೆ, ಮೈ ಬೇರೆ. ಇದೇ ರೈಫಲಿನ ಬೋಲ್ಟ್ ಲೀ-ಎನ್‌ಫೀಲ್ಡ್ ಮಾದರಿಯದ್ದು. ಅದರ ಲಾಕ್ ಇರೋದು ಬೋಲ್ಟಿನ ಹಿಂದಿನ ತುದಿಯಲ್ಲಿ, ಹಾರಿಸಿದಾಗ ಮೆಕ್ಯಾನಿಸಮ್ಮೇ ಸ್ವಲ್ಪ ಹಿಗ್ಗುತ್ತೆ, ಕೊಳವೆಯೂ ಜತೆಗೆ ಹಿಗ್ಗುತ್ತೆ. ಅಂದರೆ ಈ ರೈಫಲಿಗೆ ಈ ತಪ್ಪು ಇನ್ನೂ ದುಬಾರಿ.

ಇಂಥ ಅಂಚಿನ ಕೊಳವೆಗೆ, ಅದೇ ರೈಫಲಿನಲ್ಲಿ ಹಾರಿಸಿದ್ದಾದರೆ, ಜಗತ್ತಿನಾದ್ಯಂತ ತಿಳಿದವರು ಬಳಸೋದು ನೆಕ್ ಡೈ. ಕೇಳಿದ ಡೈಯೇ ತಪ್ಪು! ಮೂವತ್ತು ಸೆಕೆಂಡಿನ ವಿಡಿಯೋದಲ್ಲಿ ಇದನ್ನ ಯಾರು ಹೇಳಿದ್ದರು? ಆ ವಿಡಿಯೋದಲ್ಲಿದ್ದದ್ದು ಅಂಚಿಲ್ಲದ ಅಮೆರಿಕನ್ ಕಾಡತೂಸು, ಅದಕ್ಕೆ ಫುಲ್ ಲೆಂತ್ ಸರಿ. ಈಗ ಅಲ್ಲಿಯ ಪಳಗಿದ ಟಾರ್ಗೆಟ್ ಶೂಟರುಗಳೂ ಬರೀ ನೆಕ್ ಸೈಜಿಂಗ್ ಬಿಟ್ಟು, ಎರಡು ಥೌ ಮೀರದ ಹಾಗೆ ಫುಲ್ ಲೆಂತ್ ಒತ್ತೋ ಕಡೆಗೇ ಹೆಚ್ಚು ವಾಲಿದ್ದಾರೆ. ಅವರಿಗೆ ಸರಿಯಾದದ್ದು ನಮಗೆ ಸರಿ ಅಂತ ಯಾವ ಲೆಕ್ಕ?

ಇಷ್ಟಕ್ಕೇ ಮುಗೀಲಿಲ್ಲ. ಟಾರ್ಚ್ ಹಿಡಿದು ಖಾಲಿ ಕೊಳವೆಯ ತಳ ನೋಡಿ. ನಡುವೆ ಒಂದೇ ತೂತು ಇದ್ದರೆ ಬಾಕ್ಸರ್ ಪ್ರೈಮರು. ನಡುವೆ ಒಂದು ಗುಬುಟು, ಅದರ ಪಕ್ಕ ಎರಡು ಸಣ್ಣ ತೂತು ಇದ್ದರೆ ಬರ್ಡನ್. ಅಂಗಡಿಯ ಡೈಯೊಳಗಿನ ಪಿನ್ನು ಇಳಿಯೋದು ನಟ್ಟ ನಡುವಿಗೆ. ಬರ್ಡನ್ ಕೊಳವೆಗೆ ಅದನ್ನ ಇಳಿಸಿದರೆ ಪಿನ್ನು ಮುರಿಯುತ್ತೆ, ಅಷ್ಟೆ. ತಮಾಷೆ ಅಂದರೆ ಬಾಕ್ಸರ್ ಇಂಗ್ಲಿಷಿನವನು, ಬರ್ಡನ್ ಅಮೆರಿಕದವನು. ಆದರೆ ಅಮೆರಿಕ ಹಿಡಿದದ್ದು ಬಾಕ್ಸರನ್ನ, ಯುರೋಪಿನ ಸೈನ್ಯಗಳು ಹಿಡಿದದ್ದು ಬರ್ಡನನ್ನ. ಹಿತ್ತಲ ಗಿಡ ಮದ್ದಲ್ಲ ಅನ್ನೋದು ಮದ್ದುಗುಂಡಿಗೂ ಅನ್ವಯ ಆಗುತ್ತೆ ಅನ್ನಿ :-)

ಎಣ್ಣೆಯ ಮಾತು ಬೇಗ ಮುಗಿಸ್ತೀನಿ. ಉಕ್ಕಿನ ಡೈಯಲ್ಲಿ ಲೂಬ್ರಿಕೆಂಟ್ ಇಲ್ಲದೆ ರೈಫಲ್ ಕೊಳವೆ ಒತ್ತಿದರೆ ಒಳಗೇ ಸಿಕ್ಕಿಹಾಕಿಕೊಳ್ಳುತ್ತೆ. ಜಾಸ್ತಿ ಆದರೆ ಹೆಗಲು ನೆಗ್ಗುತ್ತೆ. ಪಿಸ್ತೂಲಿನ ನೇರ ಕೊಳವೆಗೆ ಕಾರ್ಬೈಡ್ ಡೈ ಇದ್ದರೆ ಎಣ್ಣೆ ಬೇಡ ಅನ್ನೋದನ್ನ ಕೇಳಿ, ರೈಫಲಿಗೂ ಕಾರ್ಬೈಡ್ ತಗೊಂಡರೆ ಬೇಡ ಅಂದುಕೊಂಡವರಿದ್ದಾರೆ. ಬೇಕು.

ಈಗ ಕಾನೂನು. ನಾನು ವಕೀಲ ಅಲ್ಲ, ಆದರೆ ದಿನಾ ಡೆಫಿನಿಷನ್ ಓದೋದೇ ನನ್ನ ಹೊಟ್ಟೆಪಾಡು. 1959ರ ಆರ್ಮ್ಸ್ ಆಕ್ಟಿನ ಸೆಕ್ಷನ್ 2ರಲ್ಲಿ "ಅಮ್ಯುನಿಷನ್" ಅನ್ನೋ ಪದದ ಒಳಗೆ ರಾಕೆಟ್, ಬಾಂಬು, ಗ್ರೆನೇಡಿನ ಜೊತೆ ಜೊತೆಗೇ ಮದ್ದುಗುಂಡಿನ ಬಿಡಿಭಾಗಗಳು ಮತ್ತು ಮದ್ದುಗುಂಡು ತಯಾರಿಸೋ ಯಂತ್ರಸಾಮಗ್ರಿಯೂ ಸೇರಿದೆ. ಆ ಡೆಫಿನಿಷನ್ ಓದಿದ ಮೇಲೆ ಡೈ ಬರೀ ಉಕ್ಕಿನ ತುಂಡು ಅಂತ ವಾದ ಮಾಡೋ ಧೈರ್ಯ ನನಗಿಲ್ಲ. ಲೈಸೆನ್ಸ್ ಇಲ್ಲದೆ ತಯಾರಿಕೆ ಸೆಕ್ಷನ್ 5ರ ಉಲ್ಲಂಘನೆ. 2019ರ ತಿದ್ದುಪಡಿ ಆದ ಮೇಲೆ ಅದಕ್ಕೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ. ಹೊರದೇಶದಿಂದ ತರಿಸ್ತೀನಿ ಅಂದರೆ ಸೆಕ್ಷನ್ 10, ಆಮದಿಗೂ ಲೈಸೆನ್ಸ್. ಬಂದೂಕಿನ ಲೈಸೆನ್ಸ್ ಇದೆಯಲ್ಲ ಅಂದರೆ, ಅದು ಇಟ್ಟುಕೊಳ್ಳೋಕೆ, ತಯಾರಿಸೋಕಲ್ಲ. ಹಾಗೇ ಅದು ಶಿಕಾರಿಯ ಲೈಸೆನ್ಸೂ ಅಲ್ಲ; 2011ರಿಂದ ಭೀಮಗಡ ಅಭಯಾರಣ್ಯ ಪಕ್ಕದಲ್ಲೇ ಇದೆ, 1972ರ ವನ್ಯಜೀವಿ ಕಾಯ್ದೆ ಅದಕ್ಕೂ ಮೊದಲಿಂದ ಇದೆ.

ಇದರಲ್ಲೇ ಸೆಕ್ಷನ್ 45 ಅಂತ ಒಂದು ವಿನಾಯಿತಿ ಇದೆ. ಮದ್ದುಗುಂಡಿನ ಸಣ್ಣ ಭಾಗ, ಅದರ ಜೋಡಿ ಭಾಗಗಳ ಜೊತೆ ಬಳಸೋ ಉದ್ದೇಶ ಇಲ್ಲದಿದ್ದರೆ, ಕಾಯ್ದೆಯ ಹೊರಗೆ. ಕೀ ಚೈನಿಗೆ ಹಾಕಿಕೊಂಡ ಖಾಲಿ ಕೊಳವೆಗೆ ತಕರಾರಿಲ್ಲ. ಅದೇ ಕೊಳವೆ, ಪಕ್ಕದಲ್ಲಿ ಒಂದು ಡೈ, ಒಂದು ಪ್ರೆಸ್ಸು ಇದ್ದರೆ? ಉದ್ದೇಶ ಅದೇ ಬಾಯಿಬಿಟ್ಟು ಹೇಳುತ್ತೆ. ನಮ್ಮಣ್ಣನ ಬಿಸ್ಕೀಟ್ ಡಬ್ಬಿಯನ್ನ ಜೈಲಿನ ಡಬ್ಬಿ ಮಾಡೋದು ನನ್ನ ಡ್ರಾಯಿಂಗ್. ಲೇತಿನ ಮಾಲೀಕನೂ ಜೊತೆಗೇ ಹೋಗ್ತಾನೆ, ಅವನಿಗಂತೂ ಅದು ಏನು ಅಂತಲೂ ಗೊತ್ತಿರೋದಿಲ್ಲ. "ಪಂಪಿನ ಪಾರ್ಟ್" ಅಂತ ಹೇಳಿ ಮಾಡಿಸ್ತೀನಿ ಅಂದವರೂ ಇದ್ದಾರೆ. ಒಬ್ಬ ಕೂಲಿ ಕೆಲಸದವನ ಹೆಂಡತಿ ಮಕ್ಕಳನ್ನ ಏಳು ವರ್ಷ ಬೀದಿಗೆ ಹಾಕೋ ಸುಳ್ಳು ಅದು. ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಈ ಮಾತಿಗೆ.

ಹಾಗಂತ ಕಾನೂನಿಗೆ ನಾನು ಕೈಮುಗೀತಿಲ್ಲ. ಗ್ರೆನೇಡಿಗೂ ಕೊಳವೆ ಒತ್ತೋ ಅಚ್ಚಿಗೂ ಒಂದೇ ಪದ ಅನ್ನೋದು ಸೋಮಾರಿ ಬರವಣಿಗೆ. ನಮಗೆ 1878ರಲ್ಲಿ ಆರ್ಮ್ಸ್ ಆಕ್ಟ್ ಕೊಟ್ಟ ಬ್ರಿಟಿಷರು ತಮ್ಮ ಊರಿನಲ್ಲಿ ಏನು ಮಾಡಿಕೊಂಡಿದ್ದಾರೆ ನೋಡಿ. ಅಲ್ಲಿ ಡೈ, ಪ್ರೆಸ್ಸು ಅಂಗಡಿಯಲ್ಲಿ ಸುಮ್ಮನೆ ಸಿಗುತ್ತೆ. ಕಾವಲು ಹಾಕಿರೋದು ಪ್ರೈಮರಿಗೆ, 2006ರ ಕಾಯ್ದೆಯ ಪ್ರಕಾರ ಸರ್ಟಿಫಿಕೇಟ್ ತೋರಿಸದೆ ಸಾಮಾನ್ಯರಿಗೆ ಮಾರೋ ಹಾಗಿಲ್ಲ. ಬುದ್ಧಿ ಇರೋ ಕಡೆ ಬೀಗ ಹಾಕಿದ್ದಾರೆ. ಬೆಂಕಿ ಹತ್ತೋದಕ್ಕೆ ಬೀಗ, ಉಕ್ಕಿಗಲ್ಲ.

ನನಗೆ ಬೇಕಾದ್ದು ಇಷ್ಟು. 300 ಮೀಟರ್ ಹಾರಿಸೋ ಶೂಟರುಗಳಿಗೆ, ಮಾನ್ಯತೆ ಇರೋ ರೈಫಲ್ ಅಸೋಸಿಯೇಶನ್ನಿನ ಕಟ್ಟಡದೊಳಗೆ, ಬೀಗ ಹಾಕಿದ ಒಂದು ಬೆಂಚು. ಡೈ ಅಲ್ಲೇ ಇರಲಿ, ಪ್ರೈಮರ್ ಲೆಕ್ಕದ ಪುಸ್ತಕ ಅಲ್ಲೇ ಇರಲಿ, ಕಲಿತವರೊಬ್ಬರು ಪಕ್ಕದಲ್ಲಿ ನಿಂತಿರಲಿ. ಮನೆಗೆ ಬೇಡ. ಖಾನಾಪುರದ ಅಟ್ಟದ ಮೇಲೆ ಬೇಡ, ಟಿಳಕವಾಡಿಯ ಗ್ಯಾರೇಜಿನಲ್ಲೂ ಬೇಡ. "ಅಮೆರಿಕದಲ್ಲಿ ಮನೇಲೇ ಮಾಡ್ತಾರಲ್ಲ" ಅಂತ ಬರೆಯೋರಿಗೆ: ಅಲ್ಲಿ ಪ್ರತಿ ಕಾಡತೂಸಿಗೂ ಒತ್ತಡ ಪರೀಕ್ಷಿಸಿ ಅಚ್ಚು ಹಾಕಿದ ಕೈಪಿಡಿಗಳಿವೆ, ಪ್ರತಿ ಚೇಂಬರಿಗೂ ಪ್ರಮಾಣಿತ ನಕ್ಷೆ ಇದೆ, ಗೇಜು ಅಂಗಡಿಯಲ್ಲಿ ಸಿಗುತ್ತೆ. ನಮ್ಮಣ್ಣನ ಹತ್ತಿರ ಇರೋದು ವಿಡಿಯೋ, ಮತ್ತೆ ನಾನು.

ಇನ್ನು ಕನ್ನಡದಲ್ಲಿ ಬರೀಬೇಡ ಅಂದ ಮಿತ್ರರಿಗೆ. ತೋಟಾ, ಚರೆ, ಕೇಪು, ಈಡು, ಮದ್ದು, ಗಜ... ಇಷ್ಟು ಪದ ನಮ್ಮ ಭಾಷೆಯಲ್ಲಿ ಮೊದಲಿಂದ ಇವೆ. ಕೆನೆತ್ ಆಂಡರ್ಸನ್ನನ ಶಿಕಾರಿ ಕತೆಗಳನ್ನ ತೇಜಸ್ವಿ ಕನ್ನಡಕ್ಕೆ ತಂದಾಗ ನೀವೂ ನಾನೂ ರಾತ್ರಿಯಿಡೀ ಕೂತು ಓದಿದೆವು, ಯಾರೂ ಕೆಡಲಿಲ್ಲ. ಕೋವಿಯ ರೋಮಾಂಚನ ಕನ್ನಡದಲ್ಲಿ ಇರಬಹುದು, ಕೊಳವೆಯೊಳಗಿನ ತೆಳು ಉಂಗುರ ಮಾತ್ರ ಇರಬಾರದು ಅನ್ನೋದು ಎಂಥ ನ್ಯಾಯ? ನಮ್ಮಣ್ಣ ಇಂಗ್ಲಿಷ್ ಓದೋದಿಲ್ಲ. ಈ ಪೋಸ್ಟಿನ ಹಿತ್ತಾಳೆಯ ಭಾಗವನ್ನ ಅವರಿಗೆ ಫೋನಿನಲ್ಲಿ ಓದಿ ಹೇಳಿದೆ. ಟಾರ್ಚ್ ತಗೊಂಡು ಕೊಳವೆಗಳ ತಳ ನೋಡಿದರಂತೆ. "ಎರಡು ನಮೂನಿ ಅದಾವಲ್ಲೋ ತಮ್ಮಾ" ಅಂದರು. ಅವರ ಡಬ್ಬಿಯಲ್ಲಿ ಎಲ್ಲಾ ಒಂದೇ ಅಂತ ಇಷ್ಟು ವರ್ಷ ತಿಳಿದಿದ್ದರು.

ಕಾಮೆಂಟಿನಲ್ಲಿ ಜಗಳ ಆಡೋರು ಆಡಿ, ಉತ್ತರ ಬರೀತೀನಿ. ಮದ್ದು ಎಷ್ಟು ತೂಕ ಹಾಕಬೇಕು ಅಂತ ಕೇಳಿದ ಕಾಮೆಂಟ್ ಮಾತ್ರ ಅಳಿಸ್ತೀನಿ. ಡ್ರಾಯಿಂಗ್ ಕೇಳಿ ಮೇಲ್ ಮಾಡಬೇಡಿ.